ಪಾಚಿ ಸತ್ತರೂ ತಿಳಿಯಾಗದ ಈಜುಕೊಳದ ನೀರು

ಪ್ರಶ್ನೆ: ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯ ಬದಿಯಲ್ಲಿರುವ ನಮ್ಮ ತೋಟದ ಮನೆಯಲ್ಲಿ 40 ಅಡಿ ಉದ್ದ, 20 ಅಡಿ ಅಗಲದ ಈಜುಕೊಳವಿದೆ. ಆಳ ಒಂದು ತುದಿಯಲ್ಲಿ 3 ಅಡಿ, ಇನ್ನೊಂದು ತುದಿಯಲ್ಲಿ 6 ಅಡಿ. ಏಪ್ರಿಲ್‌ನಲ್ಲಿ ಮದುವೆಯ ಓಡಾಟದಿಂದಾಗಿ ಎರಡು ವಾರ ಪಂಪು ಚಾಲೂ ಮಾಡಲಾಗಲಿಲ್ಲ. ಮರಳಿ ಬಂದು ನೋಡಿದಾಗ ನೀರೆಲ್ಲ ಹಸಿರಾಗಿ, ಗೋಡೆಗೆ ಹಾವಸೆ ಹಿಡಿದಿತ್ತು. ಒಂದು ಮಧ್ಯಾಹ್ನ 8 ಕಿಲೊ ಬ್ಲೀಚಿಂಗ್ ಪೌಡರ್ ಎರಚಿಸಿದೆವು. ಎರಡೇ ದಿನದಲ್ಲಿ ಹಸಿರು ಹೋಯಿತಾದರೂ ನೀರು ಮಾತ್ರ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಉಳಿದಿದೆ. ಮತ್ತೆ 4 ಕಿಲೊ ಹಾಕಿದ ಮೇಲೆ ಅದು ಇನ್ನಷ್ಟು ದಟ್ಟವಾಯಿತು. ಎಲ್ಲ ನೀರನ್ನೂ ಹೊರಹಾಕಿ ಟ್ಯಾಂಕರ್‌ನಿಂದ ಹೊಸದಾಗಿ ತುಂಬಿಸುವುದೇ ಸರಿಯೇ?
ಓದುಗರೊಬ್ಬರು, ಕಲಬುರಗಿ

ಉತ್ತರ: ದಯವಿಟ್ಟು ನೀರನ್ನು ಹೊರಹಾಕಬೇಡಿ. ನಿಮ್ಮ ಕೊಳದ ಸರಾಸರಿ ಆಳ ನಾಲ್ಕೂವರೆ ಅಡಿಯೆಂದು ಹಿಡಿದರೆ ಅದರಲ್ಲಿ 3,600 ಘನ ಅಡಿ, ಅಂದರೆ ಸುಮಾರು ಒಂದು ಲಕ್ಷ ಲೀಟರ್ ನೀರಿದೆ. 5,000 ಲೀಟರಿನ ಟ್ಯಾಂಕರ್‌ಗಳು ಇಪ್ಪತ್ತು ಬರಬೇಕು. ನಮ್ಮ ಭಾಗದ ಬೇಸಿಗೆಯಲ್ಲಿ ಅಷ್ಟು ನೀರನ್ನು ಚೆಲ್ಲುವುದು ನ್ಯಾಯವಲ್ಲ, ಅದರ ಅಗತ್ಯವೂ ಇಲ್ಲ. ಇನ್ನೊಂದು ಕಾರಣವೂ ಇದೆ. ನಿಮ್ಮ ತೋಟ ಎರೆಭೂಮಿಯಲ್ಲಿದ್ದರೆ, ಮಳೆ ಬಿದ್ದೊಡನೆ ಆ ಮಣ್ಣು ಉಬ್ಬಿ ಕೊಳದ ಗೋಡೆಯನ್ನು ಹೊರಗಿನಿಂದ ಒತ್ತುತ್ತದೆ. ಒಳಗೆ ನೀರಿನ ಭಾರವಿಲ್ಲದ ಹೊತ್ತಿನಲ್ಲಿ ಆ ಒತ್ತಡಕ್ಕೆ ಗೋಡೆ ಬಿರುಕು ಬಿಡುವ ಅಪಾಯ ಹೆಚ್ಚು.

ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಪಾಚಿಯನ್ನು ಕೊಲ್ಲುವುದು ಒಂದು ಕೆಲಸ, ಸತ್ತ ಪಾಚಿಯನ್ನು ನೀರಿನಿಂದ ಹೊರಗೆ ತೆಗೆಯುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಕ್ಲೋರಿನ್ ಮಾಡುತ್ತದೆ. ಎರಡನೆಯದನ್ನು ಅದು ಮಾಡಲಾರದು. ಅದನ್ನು ಫಿಲ್ಟರ್ ಮಾಡಬೇಕು, ಇಲ್ಲವೆ ಗಸಿಯಾಗಿ ತಳಕ್ಕೆ ಇಳಿಸಿ ನಾವು ಎತ್ತಿ ಹಾಕಬೇಕು. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಸಿಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಮೊದಲ 8 ಕಿಲೊ ಪುಡಿಯೇ ಲೀಟರಿಗೆ ಸುಮಾರು 25 ಮಿಲಿಗ್ರಾಂ ಆಯಿತು. ಬಿಸಿಲಿನಲ್ಲಿ ಒಂದಿಷ್ಟು ಹಾರಿಹೋಗಿದ್ದರೂ ಹಸಿರು ಅಳಿಯಲು ಅದು ಸಾಕಾಯಿತು. ಎರಡನೆಯ ಸಲದ 4 ಕಿಲೊ ಬೇಕಿರಲಿಲ್ಲ. ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ನಿನ ಜೊತೆಗೆ ನೀರಿನಲ್ಲಿ ಕರಗದ ಸುಣ್ಣವೂ ಬಹಳಷ್ಟಿರುತ್ತದೆ. ನೀವು ಪುಡಿಯನ್ನು ನೇರವಾಗಿ ಎರಚಿದ್ದರಿಂದ ಆ ಸುಣ್ಣವೆಲ್ಲ ಕೊಳದಲ್ಲಿ ತೇಲುತ್ತಿದೆ. ಇನ್ನು ಮುಂದೆ ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಕಲಸಿ, ಒಂದು ತಾಸು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಸುರಿಯಿರಿ. ಅಡಿಯ ಬಿಳಿ ಗಸಿ ಕೊಳಕ್ಕೆ ಬೀಳಬಾರದು.

ಹೀಗಾಗಿ ನಿಮ್ಮ ನೀರಿನ ಬಿಳುಪು ಸತ್ತ ಪಾಚಿಯದೋ, ಸುಣ್ಣದ್ದೋ, ಎರಡೂ ಸೇರಿದ್ದೋ ಎಂದು ಮೊದಲು ತಿಳಿಯಬೇಕು. ಇದಕ್ಕೆ ಪ್ರಯೋಗಾಲಯ ಬೇಡ. ಚೀಟಿ ಕಿತ್ತ ಎರಡು ಖಾಲಿ ನೀರಿನ ಬಾಟಲಿಗಳನ್ನು ತೆಗೆದುಕೊಂಡು, ಮೊಳಕೈವರೆಗೆ ಕೈ ಮುಳುಗಿಸಿ, ಕೊಳದ ಒಳನೀರನ್ನು ತುಂಬಿಕೊಳ್ಳಿ. ಒಂದನ್ನು ಹಾಗೆಯೇ ಕಿಟಕಿಯಲ್ಲಿಡಿ, ಇನ್ನೊಂದಕ್ಕೆ ಅರ್ಧ ಲಿಂಬೆಹಣ್ಣಿನ ರಸವನ್ನು ಬಟ್ಟೆಯಲ್ಲಿ ಸೋಸಿ ಹಿಂಡಿರಿ. ಲಿಂಬೆ ಹಿಂಡಿದ ಬಾಟಲಿ ಕೆಲವು ನಿಮಿಷಗಳಲ್ಲಿ ತಿಳಿಯಾದರೆ ಅದು ಸುಣ್ಣ, ಏಕೆಂದರೆ ಹುಳಿ ಅದನ್ನು ಕರಗಿಸುತ್ತದೆ. ತಿಳಿಯಾಗದೆ, ಮರುದಿನ ಬೆಳಿಗ್ಗೆ ಮೊದಲ ಬಾಟಲಿಯ ತಳದಲ್ಲಿ ಬೂದಿಬಣ್ಣದ ತೆಳುವಾದ ಪದರ ಕೂತಿದ್ದರೆ ಅದು ಸತ್ತ ಪಾಚಿ ಮತ್ತು ಧೂಳು. ಬಾಟಲಿಯನ್ನು ಬಿಳಿ ಕಾಗದದ ಮುಂದೆ ಹಿಡಿದಾಗ ಹಸಿರು ಛಾಯೆ ಕಂಡರೆ ಪಾಚಿ ಇನ್ನೂ ಜೀವಂತವಾಗಿದೆಯೆಂದು ಅರ್ಥ, ಮತ್ತು ಆಗ ಮುಂದಿನ ಯಾವ ಉಪಾಯವೂ ನಿಲ್ಲುವುದಿಲ್ಲ.

ಪಾಚಿ ಪೂರ್ಣ ಸತ್ತಿದೆಯೇ ಎಂಬುದಕ್ಕೆ ಕಣ್ಣಿಗಿಂತ ನಂಬಿಕೆಯ ಪರೀಕ್ಷೆಯೊಂದಿದೆ. ಹೊತ್ತು ಮುಳುಗಿದ ಮೇಲೆ ಟೆಸ್ಟ್ ಕಿಟ್‌ನಿಂದ ಕ್ಲೋರಿನ್ ಅಳೆದು ಬರೆದಿಡಿ, ಸೂರ್ಯೋದಯಕ್ಕೆ ಮುಂಚೆ ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲದ್ದರಿಂದ ಕ್ಲೋರಿನ್ ಕಡಿಮೆಯಾದರೆ ಅದನ್ನು ನೀರಿನೊಳಗಿನ ಜೀವವೋ ಕೊಳೆಯೋ ತಿಂದಿರಬೇಕು. ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಇಳಿದಿದ್ದರೆ ಇನ್ನೊಮ್ಮೆ ಕ್ಲೋರಿನ್ ಕೊಡಬೇಕು; ಒಂದು ಲಕ್ಷ ಲೀಟರಿಗೆ 3 ಕಿಲೊ ಹೊಸ ಪುಡಿಯ ತಿಳಿ ಹಾಕಿದರೆ ಲೀಟರಿಗೆ 10 ಮಿಲಿಗ್ರಾಂ ಆಗುತ್ತದೆ. ಅದನ್ನು ಸಂಜೆಯೇ ಹಾಕಿ, ಗೋಡೆ, ಮೆಟ್ಟಿಲಿನ ಸಂದು, ಏಣಿಯ ಹಿಂಬದಿಗಳನ್ನು ಬ್ರಷ್ಷಿನಿಂದ ತಿಕ್ಕಿಸಿ. ಹಗಲು ಹಾಕಿದ ಕ್ಲೋರಿನ್‌ನ ಬಹುಪಾಲು ನಮ್ಮ ಬಿಸಿಲಿಗೆ ಎರಡು ಮೂರು ತಾಸಿನಲ್ಲಿ ನಾಶವಾಗುತ್ತದೆ.

ಇಲ್ಲಿ ನೀರಿನ ಪಿಎಚ್, ಅಂದರೆ ನೀರು ಎಷ್ಟು ಹುಳಿ ಅಥವಾ ಕ್ಷಾರ ಎಂಬುದರ ಅಳತೆಯ ಬಗ್ಗೆ ಹೇಳಲೇಬೇಕು. ಶಹಾಬಾದ್, ಸೇಡಂ, ವಾಡಿಯ ನೆಲದಡಿ ಇರುವುದು ಸುಣ್ಣಕಲ್ಲು; ಫರಸಿ ಕಲ್ಲೂ ಸಿಮೆಂಟ್ ಕಾರ್ಖಾನೆಗಳೂ ಅದರಿಂದಲೇ ಬಂದವು. ಇಂಥ ನೆಲದ ಬೋರಿನ ನೀರು ಗಡುಸಾಗಿರುತ್ತದೆ. ಬಕೆಟ್ಟಿಗೂ ನಲ್ಲಿಗೂ ಬಿಳಿ ಪೊರೆ ಕಟ್ಟುವುದನ್ನು ನೀವೂ ನೋಡಿರಬಹುದು. ಅದರ ಮೇಲೆ ಬ್ಲೀಚಿಂಗ್ ಪೌಡರ್ ಸುರಿದಾಗ ಪಿಎಚ್ ಇನ್ನೂ ಏರುತ್ತದೆ. ಪಿಎಚ್ 7.5ರ ಹತ್ತಿರವಿರುವಾಗ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗವೂ ಉಳಿಯುವುದಿಲ್ಲ. ಸುಣ್ಣ ಕರಗದೆ ತೇಲುವುದೂ ಆಗಲೇ. ಆದ್ದರಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಕೆಟ್ ತುಂಬ ನೀರಿಗೆ ಅರ್ಧ ಲೀಟರಿನಷ್ಟು ಬೆರೆಸಿ, ಪಂಪು ನಡೆಯುತ್ತಿರುವಾಗ ಆಳದ ಕಡೆ ನಿಧಾನವಾಗಿ ಸುರಿದು, ನಾಲ್ಕು ತಾಸಿನ ನಂತರ ಅಳೆದು, ಬೇಕಾದರೆ ಮತ್ತೆ ಹಾಕುತ್ತ 7.2ರಿಂದ 7.5ರೊಳಗೆ ತನ್ನಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಆಮ್ಲದ ಬಕೆಟ್ಟೂ ಬ್ಲೀಚಿಂಗ್ ಪೌಡರ್‌ನ ಬಕೆಟ್ಟೂ ಎಂದಿಗೂ ಒಂದೇ ಆಗಬಾರದು, ಅವೆರಡೂ ಸೇರಿದರೆ ಉಸಿರುಗಟ್ಟಿಸಿ ಕೊಲ್ಲುವ ಕ್ಲೋರಿನ್ ಅನಿಲ ಏಳುತ್ತದೆ. ಕೊಳದ ದಂಡೆಗೆ ಫರಸಿ ಹಾಸಿದ್ದರೆ ಆಮ್ಲದ ಹನಿ ಬೀಳದಂತೆ ನೋಡಿಕೊಳ್ಳಿ. ಬಿದ್ದಲ್ಲಿ ಕಲ್ಲು ನೊರೆಯೆದ್ದು ಸವೆಯುತ್ತದೆ.

ಈಗ ತೆಗೆಯುವ ಕೆಲಸ. ಮರಳಿನ ಫಿಲ್ಟರ್ ಒಂದು ಮಿಲಿಮೀಟರ್‌ನ ಐವತ್ತನೇ ಒಂದು ಭಾಗಕ್ಕಿಂತ ದೊಡ್ಡ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ. ಸತ್ತ ಪಾಚಿಯ ಕಣಗಳಲ್ಲಿ ಹಲವು ಅದಕ್ಕಿಂತ ಚಿಕ್ಕವಾಗಿದ್ದು ಮರಳಿನ ನಡುವೆ ನುಸುಳಿ ಮತ್ತೆ ಕೊಳಕ್ಕೇ ಬರುತ್ತವೆ. ಅಲ್ಲದೆ ಸೋಸಿದ ನೀರು ಸೋಸದ ನೀರಿನೊಡನೆ ಬೆರೆಯುತ್ತಲೇ ಇರುವುದರಿಂದ, ಕೊಳದಷ್ಟು ನೀರು ಒಂದು ಸಲ ಪಂಪಿನಲ್ಲಿ ಹಾದರೂ ನಿಜವಾಗಿ ಸೋಸಲ್ಪಡುವುದು ನೂರಕ್ಕೆ 63ರಷ್ಟು ಮಾತ್ರ. ನಾಲ್ಕು ಸುತ್ತಾದರೆ 98. ದಿನಕ್ಕೆ ನಾಲ್ಕು ತಾಸು ಪಂಪು ನಡೆಸಿ ಹತ್ತು ದಿನ ಕಾಯುವುದಕ್ಕಿಂತ, ವಿದ್ಯುತ್ ಇರುವಷ್ಟು ಹೊತ್ತು ಹಗಲು ರಾತ್ರಿ ಮೂರು ದಿನ ನಡೆಸುವುದು ಹೆಚ್ಚು ಫಲ ಕೊಡುತ್ತದೆ. ಫಿಲ್ಟರ್‌ನ ಒತ್ತಡದ ಮುಳ್ಳು ಶುದ್ಧವಿದ್ದಾಗಿನ ಅಂಕಿಗಿಂತ 8ರಿಂದ 10 ಪಿಎಸ್‌ಐ ಮೇಲೇರಿದೊಡನೆ ಬ್ಯಾಕ್‌ವಾಶ್ ಮಾಡಿರಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಿರಿ. ಮರಳು ಹಾಕಿ ಆರೇಳು ವರ್ಷವಾಗಿದ್ದರೆ ಮುಚ್ಚಳ ತೆಗೆದು ನೋಡಿ. ಗಡುಸು ನೀರಿನಲ್ಲಿ ಮರಳು ಸುಣ್ಣಗಟ್ಟಿ ಹೆಂಟೆಯಾಗಿ, ನೀರು ಅದರ ಬಿರುಕಿನಲ್ಲಿ ಸೋಸದೆ ಹರಿಯುತ್ತಿರುತ್ತದೆ.

ಮೂರು ದಿನದಲ್ಲಿ ಗುಣ ಕಾಣದಿದ್ದರೆ ಪಟಿಕ ಬಳಸಿ. ಕೊಡದ ಬಗ್ಗಡ ನೀರಿಗೆ ಪಟಿಕದ ಗಟ್ಟಿಯನ್ನು ನಾಲ್ಕು ಸುತ್ತು ತಿರುಗಿಸುತ್ತಿದ್ದುದನ್ನು ನಮ್ಮ ಹಿರಿಯರ ಮನೆಗಳಲ್ಲಿ ಕಂಡವರಿಗೆ ಇದು ಹೊಸದಲ್ಲ. ಚದುರಿದ ಸಣ್ಣ ಕಣಗಳನ್ನು ಅದು ಹತ್ತಿಯಂಥ ಉಂಡೆಗಳಾಗಿ ಕೂಡಿಸಿ ತಳಕ್ಕೆ ಇಳಿಸುತ್ತದೆ. ಒಂದು ಲಕ್ಷ ಲೀಟರಿಗೆ 4 ಕಿಲೊ ಪಟಿಕವನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿ ಕೊಳದ ತುಂಬ ಸಮನಾಗಿ ಚಿಮುಕಿಸಿ. ವಾಲ್ವನ್ನು ಫಿಲ್ಟರ್ ತಪ್ಪಿಸಿ ನೀರು ಸುತ್ತುವ ಸ್ಥಾನಕ್ಕೆ ತಿರುಗಿಸಿ ಒಂದು ತಾಸು ನಡೆಸಿದ ಮೇಲೆ ಪಂಪು ನಿಲ್ಲಿಸಿ, ರಾತ್ರಿಯೆಲ್ಲ ಯಾರೂ ನೀರು ಕದಡದಂತೆ ಬಿಡಿ. ಬೆಳಿಗ್ಗೆ ತಳದಲ್ಲಿ ಬೂದಿ ಹೊದಿಕೆಯಂತೆ ಗಸಿ ಕೂತಿರುತ್ತದೆ. ಅದನ್ನು ಫಿಲ್ಟರ್‌ಗೆ ಬಿಡದೆ, ವಾಲ್ವನ್ನು ನೀರು ನೇರ ಹೊರಗೆ ಹೋಗುವ ಸ್ಥಾನದಲ್ಲಿಟ್ಟು, ವ್ಯಾಕ್ಯೂಮ್ ಪೈಪನ್ನು ತುಂಬ ನಿಧಾನವಾಗಿ ಎಳೆಯುತ್ತ ಹೀರಿಸಬೇಕು. ಅವಸರ ಮಾಡಿದರೆ ಗಸಿ ಎದ್ದು ಒಂದು ರಾತ್ರಿಯ ಕಾಯುವಿಕೆ ವ್ಯರ್ಥವಾಗುತ್ತದೆ. ಇದರಲ್ಲಿ ನಾಲ್ಕು ಅಂಗುಲ ನೀರು ಹೋದರೂ ಅದು ಸುಮಾರು 7,500 ಲೀಟರ್, ಅಂದರೆ ಒಂದೂವರೆ ಟ್ಯಾಂಕರ್. ಪಟಿಕ ಪಿಎಚ್ಚನ್ನು ಇಳಿಸುವುದರಿಂದ ಕೊನೆಗೆ ಮತ್ತೊಮ್ಮೆ ಅಳೆಯಿರಿ.

ಪ್ರಶ್ನೆ: ಪಾಚಿಗೆ ಮೈಲುತುತ್ತ ಹಾಕಿದರೆ ಸಾಕು ಎಂದು ಪರಿಚಯದವರು ಹೇಳುತ್ತಾರೆ. ಕ್ಲೋರಿನ್ ಮಾತ್ರೆಗಳನ್ನು ಎರಡು ವರ್ಷದಿಂದ ಹಾಕುತ್ತಿದ್ದರೂ ನಮ್ಮಲ್ಲಿ ಪಾಚಿ ಮತ್ತೆ ಮತ್ತೆ ಬರುತ್ತಿದೆ.
ಓದುಗರೊಬ್ಬರು, ಬೀದರ್

ಉತ್ತರ: ಮೈಲುತುತ್ತ ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಗಡುಸು ನೀರಿನಲ್ಲಿ ಅದರ ತಾಮ್ರ ಕರಗಿ ಉಳಿಯದೆ ನೀಲಿ ಹಸಿರು ಮಬ್ಬಾಗುತ್ತದೆ, ಗೋಡೆಗೆ ಕಲೆ ಹಿಡಿಯುತ್ತದೆ, ಈಜುವವರ ಕೂದಲಿಗೂ ಹಸಿರು ಹತ್ತುತ್ತದೆ. ರೋಗಾಣುಗಳ ವಿಷಯದಲ್ಲಿ ಅದು ಕ್ಲೋರಿನ್‌ನ ಬದಲಿಯಲ್ಲ. ನಾನು ಅದನ್ನು ಸೂಚಿಸುವುದಿಲ್ಲ.

ನಿಮ್ಮ ತೊಂದರೆಯ ಮೂಲ ಮಾತ್ರೆಗಳಲ್ಲೇ ಇರಬಹುದು. ಸಾಮಾನ್ಯವಾಗಿ ಸಿಗುವ ಆ ಮಾತ್ರೆಗಳು ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆಮ್ಲವನ್ನೂ ಬಿಡುತ್ತವೆ. ಅದು ಸ್ವಲ್ಪವಿದ್ದರೆ ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುತ್ತದೆ. ಆದರೆ ಅದು ಆವಿಯಾಗಿ ಹೋಗುವುದಿಲ್ಲ. ತಿಂಗಳು ತಿಂಗಳು ಕೂಡುತ್ತ ಲೀಟರಿಗೆ 100 ಮಿಲಿಗ್ರಾಂ ದಾಟಿದಾಗ, ಕಿಟ್‌ನಲ್ಲಿ ಕ್ಲೋರಿನ್ ಸರಿಯಾಗಿ ಕಂಡರೂ ಅದು ಪಾಚಿಯನ್ನು ತಡೆಯಲಾರದಷ್ಟು ಮಂದವಾಗುತ್ತದೆ. ಅದನ್ನು ಅಳೆಯಿಸಿ. ಹೆಚ್ಚಿದ್ದರೆ ಒಂದಿಷ್ಟು ನೀರು ಬದಲಿಸದೆ ಗತ್ಯಂತರವಿಲ್ಲ. ಮಳೆಗಾಲದಲ್ಲಿ ಹಂತಹಂತವಾಗಿ ಬದಲಿಸಿದರೆ ಹೊರೆಯಾಗದು. ಮಾತ್ರೆ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಡಬ್ಬಿಯಲ್ಲಾಗಲಿ, ಒಂದೇ ಅಳತೆಯ ಪಾತ್ರೆಯಲ್ಲಾಗಲಿ ಸೇರಿಸಬೇಡಿ, ಬೆಂಕಿ ಹತ್ತಿ ಸಿಡಿಯಬಹುದು.

ಪ್ರಶ್ನೆ: ನೀರು ಸ್ವಲ್ಪವೇ ಮಬ್ಬಾಗಿದೆ, ಕ್ಲೋರಿನ್ ಸರಿಯಾಗಿದೆ. ರಜೆಗೆ ಬಂದ ಮಕ್ಕಳನ್ನು ಇಳಿಸಬಹುದೇ?
ಓದುಗರೊಬ್ಬರು, ಯಾದಗಿರಿ

ಉತ್ತರ: ಇಳಿಸಬೇಡಿ. ದಂಡೆಯ ಮೇಲೆ ನಿಂತಾಗ ಅತ್ಯಂತ ಆಳದಲ್ಲಿರುವ ತಳದ ಜಾಲರಿಯ ಗೆರೆಗಳು ಸ್ಪಷ್ಟವಾಗಿ ಕಾಣದಿದ್ದರೆ ಆ ಕೊಳ ಯಾರಿಗೂ ತೆರೆದಿರಬಾರದು. ಮುಳುಗುವ ಮಗು ಬಹುತೇಕ ಕೂಗುವುದಿಲ್ಲ, ಕೈ ಬಡಿಯುವುದೂ ಕೆಲವೇ ಕ್ಷಣ. ಮಬ್ಬು ನೀರಿನಲ್ಲಿ ತಳಕ್ಕೆ ಹೋದ ಮಗು ಪಕ್ಕದಲ್ಲೇ ನಿಂತ ದೊಡ್ಡವರಿಗೂ ಕಾಣುವುದಿಲ್ಲ. ಜಾಲರಿ ಕಂಡ ಮೇಲೆ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ 7.2ರಿಂದ 7.6 ಇದೆಯೆಂದು ಅಳೆದು ನೋಡಿ. ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರಿನಲ್ಲಿ ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾ ಬದುಕಬಲ್ಲದು. ಕಾಯಿಲೆ ಅಪರೂಪವಾದರೂ ಬಂದರೆ ಬದುಕುಳಿಯುವವರು ಕಡಿಮೆ. ನೀರು ತಿಳಿಯಾಗಿ ಈ ಅಳತೆಗಳು ಸರಿಬರುವವರೆಗೆ ಗೇಟಿಗೆ ಬೀಗ ಹಾಕಿ, ಕೀಲಿಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ.