ನವೆಂಬರ್ 1ರೊಳಗೆ ಮೂರು ಸಹಿ

(ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಾಯಿಸಿದ್ದೇನೆ.)

ಅಕ್ಟೋಬರ್ ಎರಡನೇ ವಾರ. ನ್ಯೂ ಜೆರ್ಸಿಯಲ್ಲಿರುವ ಮೈಸೂರು ಕಡೆಯ ಒಂದು ಕುಟುಂಬ, ಕಾಲೇಜು ಅರ್ಜಿಗೆ ಸಲಹೆ ಕೊಡುವ ನನ್ನ ಹತ್ತಿರ ಬಂತು. ಅಪ್ಪ, ಅಮ್ಮ, ಹನ್ನೆರಡನೇ ಕ್ಲಾಸಿನ ಮಗ. ಮಗನನ್ನು ಸಮರ್ಥ ಎನ್ನೋಣ. ಅಪ್ಪ ಕೂರುವ ಮುಂಚೆಯೇ ಹೇಳಿದರು: "ಮೇಡಂ, ಕಾರ್ನೆಲ್ ಎಂಜಿನಿಯರಿಂಗ್‌ಗೆ ಅರ್ಲಿ ಡಿಸಿಷನ್ ಹಾಕ್ತಿದೀವಿ. ಇವನು ಬರೆದಿರೋದನ್ನ ಸ್ವಲ್ಪ ನೋಡಿಕೊಡಿ, ಅಷ್ಟೇ." ಕಾರ್ನೆಲ್ ಅಮೆರಿಕದ ದೊಡ್ಡ ಹೆಸರಿನ ವಿಶ್ವವಿದ್ಯಾಲಯ. ಅರ್ಲಿ ಡಿಸಿಷನ್ ಎಂದರೆ ಸೀಟು ಸಿಕ್ಕರೆ ಸೇರಲೇಬೇಕು ಎಂದು ಒಪ್ಪಿಕೊಂಡು ಬೇಗನೆ ಹಾಕುವ ಅರ್ಜಿ.

"ಅಷ್ಟೇ" ಎಂದು ಬಂದವರ ಜೊತೆ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ಅದೊಂದು ಅಭ್ಯಾಸ.

ಅರ್ಜಿಯ ಬರಹ ಚೆನ್ನಾಗಿಯೇ ಇತ್ತು. ಹುಡುಗನಿಗೆ ಮೆಕ್ಯಾನಿಕಲ್ ಇಷ್ಟ. ಶಾಲೆಯ ರೋಬೋಟಿಕ್ಸ್ ತಂಡದಲ್ಲಿ ಮೂರು ವರ್ಷ ಗೇರ್‌ಬಾಕ್ಸ್ ಜೊತೆ ಗುದ್ದಾಡಿದ್ದಾನೆ. ಅಲ್ಲಿ ಕೇಳುವ ಕ್ಯಾಲ್ಕ್ಯುಲಸ್, ಫಿಸಿಕ್ಸ್, ಕೆಮಿಸ್ಟ್ರಿ ಎಲ್ಲ ಓದಿದ್ದಾನೆ. ಕಾರ್ನೆಲ್‌ನಲ್ಲಿ ಮೊದಲು ಎಂಜಿನಿಯರಿಂಗ್ ಕಾಲೇಜಿಗೆ ಸೇರಿ ಬ್ರಾಂಚ್ ಆಮೇಲೆ ಆರಿಸಬಹುದು ಎಂಬುದೂ ಅವನಿಗೆ ಗೊತ್ತಿತ್ತು. ಓದಿನ ಕಡೆಯಿಂದ ನನಗೆ ಏನೂ ತಕರಾರಿರಲಿಲ್ಲ.

"ಫೀಸಿಗೆ ಏನು ಯೋಚನೆ ಮಾಡಿದೀರಿ?" ಎಂದು ಕೇಳಿದೆ.

ಅಪ್ಪ ನಕ್ಕರು. "ಮಾರ್ಕ್ಸ್ ಇದೆಯಲ್ಲ ಮೇಡಂ, ಸ್ಕಾಲರ್‌ಶಿಪ್ ಬಂದೇ ಬರುತ್ತೆ." ಅಮ್ಮ ಕಿಟಕಿ ಕಡೆ ನೋಡಿದರು. ಹುಡುಗ ಫೋನ್ ತಿರುಗಿಸಿ ಮೇಜಿನ ಮೇಲಿಟ್ಟ.

ಅಪ್ಪನ ನಂಬಿಕೆ ಎಲ್ಲಿಂದ ಬಂತು ಎಂಬುದು ಆಮೇಲೆ ತಿಳಿಯಿತು. ಅವರು ತೊಂಬತ್ತರ ದಶಕದಲ್ಲಿ ಸಿಇಟಿ ಬರೆದವರು. ಆಗ ರ‍್ಯಾಂಕ್ ಚೆನ್ನಾಗಿದ್ದರೆ ಫ್ರೀ ಸೀಟು, ಇಲ್ಲದಿದ್ದರೆ ಪೇಮೆಂಟ್ ಸೀಟು. ಅವರಿಗೆ ಫ್ರೀ ಸೀಟು ಸಿಕ್ಕಿತ್ತು. ಮಗ ತನಗಿಂತ ಬುದ್ಧಿವಂತ. ಹಾಗಾದರೆ ಫೀಸು ಕಡಿಮೆ ಆಗಲೇಬೇಕಲ್ಲ? ಲೆಕ್ಕ ಸರಿಯಾಗಿಯೇ ಇದೆ, ದೇಶ ಮಾತ್ರ ಬೇರೆ. ಕಾರ್ನೆಲ್ ಸೇರಿದಂತೆ ಐವಿ ಲೀಗ್ ಎಂಬ ಹೆಸರಾಂತ ಗುಂಪಿನ ಎಂಟೂ ವಿಶ್ವವಿದ್ಯಾಲಯಗಳು ಅಂಕ ನೋಡಿ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಮನೆಯ ಆದಾಯ, ಆಸ್ತಿ ನೋಡಿ, ಅಗತ್ಯವಿದೆ ಎನಿಸಿದರೆ ಮಾತ್ರ ನೆರವು. ಮಗ ಎಷ್ಟೇ ಬುದ್ಧಿವಂತನಾದರೂ ಅಪ್ಪ ಅಮ್ಮನ ಸಂಬಳ ದೊಡ್ಡದಿದ್ದರೆ ಬಿಲ್ಲೂ ದೊಡ್ಡದೇ.

ಅರ್ಲಿ ಡಿಸಿಷನ್ ಎಂದರೇನು ಎಂದು ಇನ್ನೊಮ್ಮೆ ವಿವರಿಸಿದೆ. ಹೀಗೆ ಒಂದೇ ಕಡೆ ಹಾಕಬಹುದು. ಒಪ್ಪಂದಕ್ಕೆ ವಿದ್ಯಾರ್ಥಿ, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಕಾರ್ನೆಲ್‌ಗೆ ಕೊನೆಯ ದಿನ ನವೆಂಬರ್ 1. ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ. ಸೀಟು ಸಿಕ್ಕರೆ ಸೇರಲೇಬೇಕು, ಬೇರೆ ಅರ್ಜಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು.

ಅಮ್ಮನಿಗೆ ತಟ್ಟನೆ ಹೊಳೆಯಿತು. ಅವರ ಅಕ್ಕನ ಮಗಳು ಹೋದ ವರ್ಷ ಕೆಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ, ಮಾಡಿದ್ದಳು. ಅಲ್ಲಿ "ಛಾಯ್ಸ್ ಒಂದು" ಎಂದರೆ ಸಿಕ್ಕ ಸೀಟನ್ನು ಒಪ್ಪಿ ಸೇರುತ್ತೇನೆ ಎನ್ನುವುದು. "ಅಂದ್ರೆ ಒಂದೇ ಕಾಲೇಜು ಹಾಕಿ, ಫೀಸ್ ಎಷ್ಟು ಅಂತ ನೋಡದೇ ಛಾಯ್ಸ್ ಒಂದು ಒತ್ತಿದ ಹಾಗೆ, ಅಲ್ವಾ?" ಎಂದರು. ನನ್ನ ಹತ್ತು ನಿಮಿಷದ ವಿವರಣೆಗಿಂತ ಇದೇ ಚೆನ್ನಾಗಿತ್ತು.

"ನೆರವು ಸಾಲದಿದ್ದರೆ ಬಿಡಬಹುದಂತಲ್ಲ?" ಎಂದು ಅಪ್ಪ ಕೇಳಿದರು. ಹೌದು, ನೆರವು ನಿಜಕ್ಕೂ ಸಾಲದಿದ್ದರೆ ಒಪ್ಪಂದದಿಂದ ಬಿಡಿಸಿಕೊಳ್ಳಲು ದಾರಿ ಇದೆ. ಆದರೆ ಮೊದಲೇ ನೋಡಬಹುದಾಗಿದ್ದ ಅಂಕಿಯನ್ನು ನೋಡದೆ ಸಹಿ ಹಾಕಿ, ಆಮೇಲೆ "ಜಾಸ್ತಿ ಆಯ್ತು" ಎನ್ನುವುದು ಸರಿಯಲ್ಲ. ನಾಳೆ ಅದೇ ಶಾಲೆಯ ಬೇರೆ ಮಕ್ಕಳ ಅರ್ಜಿಗೆ ಸಹಿ ಹಾಕುವ ಕೌನ್ಸೆಲರ್‌ಗೂ ಅದು ಮುಜುಗರ.

ಅಂಕಿ ಸಿಗುವುದು ಕಷ್ಟವೇನಲ್ಲ. 2011ರಿಂದ ಅಮೆರಿಕದ ಕಾಲೇಜುಗಳ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರಲೇಬೇಕು ಎಂಬ ಕಾನೂನಿದೆ. ಆದಾಯ, ಉಳಿತಾಯ ತುಂಬಿದರೆ ನಮ್ಮ ಪಾಲಿಗೆ ಎಷ್ಟು ಬರಬಹುದು ಎಂದು ತೋರಿಸುತ್ತದೆ. ಅಲ್ಲೇ ತೆರೆದೆವು. ಅಮ್ಮನ ಹತ್ತಿರ ಎಲ್ಲ ಲೆಕ್ಕದ ಎಕ್ಸೆಲ್ ಇತ್ತು. ಅಪ್ಪನಿಗೇ ಅದು ಗೊತ್ತಿರಲಿಲ್ಲ ಅನ್ನಿಸುತ್ತದೆ!

"ಬೇರೆ ಆಸ್ತಿ?" ಎಂಬಲ್ಲಿ ಮಾತು ನಿಂತಿತು. ಮೈಸೂರಿನ ವಿಜಯನಗರದಲ್ಲಿ 30-40 ಸೈಟೊಂದಿದೆ. ಅಪ್ಪನ ಹೆಸರಿನಲ್ಲೇ ಇದೆ. "ಅದು ಇಂಡಿಯಾದ್ದಲ್ವಾ ಮೇಡಂ, ಬಿಡಿ" ಎಂದರು. ಬಿಡುವ ಹಾಗಿಲ್ಲ. ಕಾರ್ನೆಲ್ ನೆರವಿಗೆ ತುಂಬಬೇಕಾದ, ಮನೆಯ ಹಣಕಾಸಿನ ವಿವರ ಕೇಳುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿಯಲ್ಲಿ ಹೊರದೇಶದ ಆಸ್ತಿಯನ್ನೂ ಹೇಳಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಗನ ಸೀಟಿಗೇ ಕುತ್ತು. ಊರಲ್ಲಿರುವ ವಯಸ್ಸಾದ ಅಪ್ಪ ಅಮ್ಮನಿಗೆ ಪ್ರತಿ ತಿಂಗಳು ಕಳಿಸುವ ದುಡ್ಡನ್ನೂ ವಿಶೇಷ ಸಂದರ್ಭ ಎಂಬಲ್ಲಿ ಬರೆಯಿರಿ ಎಂದೆ. ಅದನ್ನು ಒಪ್ಪುತ್ತಾರೆ ಎಂದು ಮಾತು ಕೊಡಲಾರೆ, ಆದರೆ ಬರೆಯದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಒಟ್ಟು ಖರ್ಚು ವರ್ಷಕ್ಕೆ 90 ಸಾವಿರ ಡಾಲರ್ ದಾಟುತ್ತದೆ. ಇವರ ಪಾಲಿಗೆ ಬಂದದ್ದು 80 ಸಾವಿರದ ಆಸುಪಾಸು. ನಾಲ್ಕು ವರ್ಷ. ಹಿಂದೆಯೇ ತಂಗಿಯೊಬ್ಬಳು ಬರುತ್ತಿದ್ದಾಳೆ.

ಯಾರೂ ಮಾತಾಡಲಿಲ್ಲ. ಸಮರ್ಥನೇ ಮೊದಲು ಬಾಯಿ ಬಿಟ್ಟ. "ಆಂಟಿ, ನಾನು ಆಗಸ್ಟಲ್ಲೇ ಇದನ್ನ ಮಾಡಿ ನೋಡಿದ್ದೆ. ಸಂಬಳ ಅಂದಾಜಿಗೆ ಹಾಕಿದ್ದೆ. ಅಪ್ಪ ಕಾರ್ನೆಲ್ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ರು, ಅದಕ್ಕೇ..."

ಅಪ್ಪನ ಮುಖ ನೋಡಲಾಗಲಿಲ್ಲ. "ನೀನು ಕೇಳಬೇಕಿತ್ತು ಕಣೋ" ಎಂದರು, ಮೆತ್ತಗೆ. ಅವತ್ತು ಅಲ್ಲಿಗೇ ನಿಲ್ಲಿಸಿದೆ. ಅಂಥ ಹೊತ್ತಲ್ಲಿ ಸಲಹೆ ಕೊಟ್ಟರೆ ಯಾರ ಕಿವಿಗೂ ಹೋಗುವುದಿಲ್ಲ.

ಒಂದು ವಾರ ಬಿಟ್ಟು ಮತ್ತೆ ಬಂದರು. ನನ್ನ ಅಭಿಪ್ರಾಯ ನೇರವಾಗಿಯೇ ಹೇಳಿದೆ: ಅರ್ಲಿ ಡಿಸಿಷನ್ ಬೇಡ. ಬೇರೆ ಬೇರೆ ಕಾಲೇಜಿನ ನೆರವಿನ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದ ಮನೆ ನಿಮ್ಮದು. ಅರ್ಲಿ ಡಿಸಿಷನ್‌ನಲ್ಲಿ ಕೈಬಿಟ್ಟುಹೋಗುವುದು ಅದೇ. ಅರ್ಲಿಯಲ್ಲಿ ಸೀಟು ಸಿಗುವ ಪ್ರಮಾಣ ಜಾಸ್ತಿ ಎಂಬುದು ನಿಜ. ಖಂಡಿತ ಬರುವ ಮಕ್ಕಳು ಕಾಲೇಜಿಗೂ ಬೇಕು. ಆದರೆ ಆ ಸಾಲಿನಲ್ಲಿ ಆಟಗಾರರೆಂದು ಮೊದಲೇ ಆರಿಸಿಕೊಂಡವರೂ ಇರುತ್ತಾರೆ. ಕಾಣುವಷ್ಟು ಲಾಭ ಇವನಂಥ ಹುಡುಗನಿಗೆ ಸಿಗುವುದಿಲ್ಲ, ಸ್ವಲ್ಪ ಸಿಗಬಹುದು.

ರಟ್ಗರ್ಸ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳಿಗೆ ಅರ್ಲಿ ಆಕ್ಷನ್ ಹಾಕಿ ಎಂದೆ. ಹೆಸರು ಒಂದೇ ಥರ ಇದ್ದರೂ ಇದು ಬೇರೆ. ಬೇಗ ಉತ್ತರ ಬರುತ್ತದೆ, ಕಟ್ಟುಪಾಡಿಲ್ಲ. ರಟ್ಗರ್ಸ್ ನಮ್ಮದೇ ರಾಜ್ಯದ್ದು, ಕಾರ್ನೆಲ್‌ನ ಅರ್ಧಕ್ಕಿಂತ ಕಡಿಮೆ ಖರ್ಚು. ಪರ್ಡ್ಯೂನಲ್ಲಿ ಮೊದಲ ವರ್ಷ ಎಲ್ಲರೂ ಒಟ್ಟಿಗೆ ಎಂಜಿನಿಯರಿಂಗ್ ಓದಿ ಆಮೇಲೆ ಬ್ರಾಂಚಿಗೆ ಹೋಗುತ್ತಾರೆ. ಕಾರ್ನೆಲ್‌ಗೆ ಜನವರಿಯ ರೆಗ್ಯುಲರ್ ಸುತ್ತಿನಲ್ಲಿ ಹಾಕಲಿ, ಆಸೆ ಯಾಕೆ ಬಿಡಬೇಕು.

ಅಪ್ಪನಿಗೆ ಬೇರೆಯಾಗಿ ಒಂದು ಮಾತು ಹೇಳಿದೆ. ವರ್ಷಕ್ಕೆ ಎಷ್ಟು ಕೊಡಬಲ್ಲಿರಿ, ಆ ಅಂಕಿಯನ್ನು ಮಗನಿಗೆ ನೀವೇ ಹೇಳಿ. ಸೈಟು ಮಾರುತ್ತೀರೋ ಇಲ್ಲವೋ, ಅದನ್ನೂ ಈಗಲೇ ಹೇಳಿ. ಉತ್ತರಗಳೆಲ್ಲ ಬಂದ ಮೇಲೆ, ಏಪ್ರಿಲ್‌ನಲ್ಲಿ ಬೇಡ. ಅಮ್ಮನಿಗೆ ಹೇಳಿದ್ದು ಇಷ್ಟೇ: ಡಿಸೆಂಬರ್‌ನಲ್ಲಿ ಗೆಳೆಯರಿಗೆಲ್ಲ ಸೀಟು ಬಂದಾಗ ಇವನು ಮಂಕಾಗುತ್ತಾನೆ, ಆಗ "ದುಡ್ಡು ಉಳೀತು" ಎಂದು ಮಾತ್ರ ಅನ್ನಬೇಡಿ.

ಡಿಸೆಂಬರ್‌ನಲ್ಲಿ ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಮೂರನೇ ದಿನ ಅಪ್ಪನೇ ಕಾರು ಹತ್ತಿಸಿಕೊಂಡು ದೋಸೆ ತಿನ್ನಿಸಿ ಬಂದರಂತೆ.

ಮಾರ್ಚ್ ಕೊನೆಗೆ ಕಾರ್ನೆಲ್ ಇಲ್ಲವೆಂದಿತು. ಮಿಕ್ಕ ಎರಡೂ ಬಂದಿದ್ದವು. ಅವತ್ತು ಅಪ್ಪ ಕೇಳಿದರು: "ಅರ್ಲಿ ಹಾಕಿದ್ದಿದ್ರೆ ಸಿಗ್ತಿತ್ತೇನೋ, ಅಲ್ವಾ ಮೇಡಂ?"

"ಸಿಗ್ತಿತ್ತೇನೋ" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಸಮರ್ಥ ಎರಡೂ ಪತ್ರದ ಅಂಕಿಗಳನ್ನು ಅಮ್ಮನ ಎಕ್ಸೆಲ್‌ಗೆ ತುಂಬುತ್ತಿದ್ದ.