ನಮ್ಮೂರ ಲೈಬ್ರರಿ ಕಾರ್ಯಕ್ರಮಗಳಿಗೆ ಜನ ಬರುವಂತೆ ಪ್ರಚಾರ ಮಾಡೋದು ಹೇಗೆ?

ಪಂಚಾಯಿತಿ ಲೈಬ್ರರಿ, ತಿಂಗಳಿಗೊಂದು ಕಾರ್ಯಕ್ರಮ, ಹಳೇ ವಿದ್ಯಾರ್ಥಿಗಳ ಸಂಘ ಕೊಟ್ಟ ಹತ್ತು ಸಾವಿರ ರೂಪಾಯಿ. ಅದರಲ್ಲಿ ಫ್ಲೆಕ್ಸ್ ಹಾಕಿಸಲಾ, ಫೇಸ್‌ಬುಕ್ ಪುಟ ಮಾಡಲಾ, ವಾಟ್ಸಾಪ್ ಗುಂಪು ಸಾಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಸರ ಮಾಡ್ಕೋಬೇಡಿ. ಕೆಲವು ವರ್ಷದ ಹಿಂದೆ ಈ ಪ್ರಶ್ನೆಯನ್ನು ನಾನೇ ಕೇಳಿರುತ್ತಿದ್ದೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಪಂಚಾಯಿತಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರಲ್ಲ, ನಮ್ಮ ಕಥೆ ಶುರುವಾಗೋದು ಅದಾದ ಮೇಲೆ. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಅನ್ನೋ ಸರ್ಕಾರಿ ಕಾರ್ಯಕ್ರಮ ಬಂತು, ಹಳ್ಳಿ ಮಕ್ಕಳಿಗೆ ಸದಸ್ಯತ್ವ ಉಚಿತ ಅಂದರು. ಆಮೇಲೆ ಈ ಲೈಬ್ರರಿಗಳಿಗೆ 'ಅರಿವು ಕೇಂದ್ರ' ಅನ್ನೋ ಹೊಸ ಹೆಸರು. ಅಲ್ಲಿವರೆಗೆ ಪಂಚಾಯಿತಿ ಕಟ್ಟಡದ ಹಿಂಬದಿಯಲ್ಲಿ ಸುಣ್ಣ ಉದುರುತ್ತಿದ್ದ ನಮ್ಮ ಕೋಣೆಗೆ ಬಣ್ಣ ಹೊಡೆದರು. ಗೋಡೆ ಮೇಲೆ ಮಕ್ಕಳ ಚಿತ್ರ ಬರೆಸಿದರು, ಪುಟ್ಟ ಮೇಜು ಕುರ್ಚಿ ತಂದರು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ ನನಗೂ, ನನ್ನ ನಾಲ್ಕು ಸ್ನೇಹಿತರಿಗೂ ಉತ್ಸಾಹ ಉಕ್ಕಿತು. ಇಷ್ಟು ಚೆನ್ನಾಗಿರೋ ಜಾಗಕ್ಕೆ ಯಾರೂ ಬರ್ತಿಲ್ಲ, ಏನಾದರೂ ಮಾಡಬೇಕು ಅಂತ.

'ಯಾರೂ ಬರ್ತಿಲ್ಲ' ಅನ್ನೋದು ಸುಳ್ಳು. ಬೆಳಿಗ್ಗೆ ಪೇಪರ್ ಓದೋಕೆ ಹಿರಿಯರು ಬರುತ್ತಿದ್ದರು. ಮಧ್ಯಾಹ್ನ ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುವ ಹುಡುಗರು, ಹುಡುಗಿಯರು ಮೂಲೆ ಮೇಜು ಹಿಡಿದು ಕೂರುತ್ತಿದ್ದರು. ಸ್ಕೂಲ್ ಬಿಟ್ಟ ಮೇಲೆ ಮಕ್ಕಳು ಬಂದು ಕೇರಂ ಬೋರ್ಡಿಗೆ ಜಗಳ ಆಡುತ್ತಿದ್ದರು. ಇವರು ನಮ್ಮ ಕಣ್ಣಿಗೆ 'ಜನ' ಆಗಿರಲಿಲ್ಲ. ನಮಗೆ ಬೇಕಿದ್ದದ್ದು ಕುರ್ಚಿ ತುಂಬ ಕೂತು ಚಪ್ಪಾಳೆ ಹೊಡೆಯುವವರು. ನಿಮ್ಮ ಪ್ರಶ್ನೆಯಲ್ಲೂ ನನಗೆ ಅದೇ ವಾಸನೆ ಬಂತು. ತಪ್ಪಾಗಿದ್ದರೆ ಹೇಳಿ.

ಸರಿ, ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಅದರ ಮೊದಲ ದಿನ, ಮಕ್ಕಳ ದಿನಾಚರಣೆಯೂ ಆಯಿತು ಅಂತ, ದೊಡ್ಡ ಕಾರ್ಯಕ್ರಮ ಇಟ್ಟೆವು. ಅಧ್ಯಕ್ಷರು, ಉಪಾಧ್ಯಕ್ಷರು, ತಾಲ್ಲೂಕಿನಿಂದ ಒಬ್ಬ ಸಾಹಿತಿ, ನಿವೃತ್ತ ಹೆಡ್‌ಮಾಸ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ಆಮಂತ್ರಣ ಪತ್ರಿಕೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹೆಸರು. ಬಿಟ್ಟು ಹೋದ ಒಂದು ಹೆಸರಿಗೆ ಆದ ರಾದ್ಧಾಂತವನ್ನು ಇಲ್ಲಿ ಬರೆಯಲ್ಲ, ಅದೇ ಇನ್ನೊಂದು ಉತ್ತರ ಆಗುತ್ತೆ.

ನಿಮಗೆ ಬಿಡಿಸಿ ಹೇಳಬೇಕಾದ ವಿಷಯ ಬೇರೆ ಇದೆ: ವೇದಿಕೆ. ಕೋಣೆ ಚಿಕ್ಕದು. ವೇದಿಕೆ ಒಳಗೇ ಆಗಬೇಕು ಅಂತ ನಾನು ಹಟ ಹಿಡಿದೆ. ಹೊರಗೆ ಮಾಡಿದರೆ ಅದು ಲೈಬ್ರರಿ ಕಾರ್ಯಕ್ರಮ ಅನ್ನಿಸಲ್ಲ, ಫೋಟೋದಲ್ಲಿ ಪುಸ್ತಕ ಕಾಣಬೇಕು ಅನ್ನೋದು ನನ್ನ ವಾದ. ಹಾಗಾಗಿ ಪುಸ್ತಕದ ಬೀರುಗಳನ್ನೆಲ್ಲ ಒಂದೇ ಗೋಡೆಗೆ ಸೇರಿಸಿ, ಅವುಗಳ ಮುಂದೆ ಮೇಜು ಜೋಡಿಸಿ, ಬಟ್ಟೆ ಹಾಸಿದೆವು. ಬೀರು ಎಳೆಯೋಕೆ ಮೊದಲು ಒಳಗಿನ ಪುಸ್ತಕ ಇಳಿಸಬೇಕಲ್ವಾ? ಇಳಿಸಿ ಮೂಟೆ ಕಟ್ಟಿ ಪಂಚಾಯಿತಿ ಸ್ಟೋರ್ ರೂಮಿನಲ್ಲಿ ಇಟ್ಟೆವು. ಮುಂದೆ ಕಾಣುವ ಒಂದೆರಡು ಸಾಲು ಮಾತ್ರ ವಾಪಸ್ ಜೋಡಿಸಿದೆವು, ಫೋಟೋಗೆ. ಓದುವ ಮೇಜು ಹೊರಗೆ ಹೋಯಿತು. ಪೇಪರ್ ಸ್ಟ್ಯಾಂಡ್ ಎಲ್ಲಿ ಹೋಯಿತೋ ನೆನಪಿಲ್ಲ. ಹಿಂದಿನ ದಿನದಿಂದಲೇ ಕೋಣೆ ನಮ್ಮ ವಶದಲ್ಲಿತ್ತು, ಕಾರ್ಯಕ್ರಮ ಮುಗಿದ ಮೇಲೂ ಶಾಮಿಯಾನದವನು ಕುರ್ಚಿ ತಗೊಂಡು ಹೋಗೋಕೆ ಬರಲಿಲ್ಲ. ಪೇಪರ್ ಓದೋಕೆ ಬಂದ ಅಜ್ಜ ಒಬ್ಬರು ಬಾಗಿಲಲ್ಲಿ ನಿಂತು, "ಏನಪ್ಪಾ, ಯಾರದಾದರೂ ಮದ್ವೆನಾ?" ಅಂತ ಕೇಳಿದರು. ನಾವು ಅದನ್ನ ತಮಾಷೆ ಅಂದುಕೊಂಡೆವು.

ವೇದಿಕೆ ಮೇಲೆ ನೆಹರೂ ಫೋಟೋ, ಪಕ್ಕದಲ್ಲಿ ಎಸ್.ಆರ್. ರಂಗನಾಥನ್ ಅವರದ್ದು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಕರೆಯೋದು ಇವರನ್ನೇ, ಕೊನೆಯ ವರ್ಷಗಳಲ್ಲಿ ಇದ್ದದ್ದು, 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ. ಗ್ರಂಥಾಲಯಕ್ಕೆ ಐದು ಸೂತ್ರ ಅಂತ 1931ರಲ್ಲೇ ಬರೆದಿಟ್ಟವರು. ಮೊದಲನೇ ಸೂತ್ರ: ಪುಸ್ತಕ ಇರೋದು ಬಳಸೋಕೆ. ಹೆಡ್‌ಮಾಸ್ಟರು ಅದನ್ನ ಮೈಕಿನಲ್ಲಿ ಎರಡೆರಡು ಸಲ ಹೇಳಿದರು. ಹೇಳುವಾಗ ಅವರ ಬೆನ್ನ ಹಿಂದಿನ ಬೀರುಗಳು ಮುಕ್ಕಾಲು ಖಾಲಿ, ಇದ್ದ ಪುಸ್ತಕಕ್ಕೆ ಯಾರ ಕೈಯೂ ಎಟುಕುತ್ತಿರಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಅವತ್ತು ಒಂದು ಪುಸ್ತಕ ಮನೆಗೆ ಒಯ್ಯಲಿಲ್ಲ. ಒಯ್ಯುವ ಹಾಗೇ ಇರಲಿಲ್ಲ. ಸದಸ್ಯತ್ವದ ಫಾರಂ ಕೂಡ ಮೂಟೆಯಲ್ಲಿತ್ತು.

ಜನ ಮಾತ್ರ ಬಂದಿದ್ದರು. ಕೋಣೆ ತುಂಬಿ ಹೊರಗೂ ನಿಂತಿದ್ದರು. ಪ್ರಚಾರದ ಲೆಕ್ಕದಲ್ಲಿ ನೋಡಿದರೆ ನಮ್ಮದು ಭಾರೀ ಯಶಸ್ಸು. ಅದಕ್ಕೇ ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡೋಕೆ ಮನಸ್ಸು ಬರ್ತಿಲ್ಲ.

ನಷ್ಟ ಆಮೇಲೆ ಗೊತ್ತಾಯಿತು. ಮೂಟೆ ಬಿಚ್ಚಿ ರಿಜಿಸ್ಟರಿಗೆ ತಾಳೆ ನೋಡಿದರೆ ಕೆಲವು ಪುಸ್ತಕ ಇಲ್ಲ. ಇಂಥದ್ದಕ್ಕೆ ಲೆಕ್ಕ ಕೊಡಬೇಕಾದವರು ಗ್ರಂಥಾಲಯ ಮೇಲ್ವಿಚಾರಕರು, ನಾವಲ್ಲ. ಕೈಗೆ ಬರೋ ಸಂಭಾವನೆಯೇ ಕಡಿಮೆ, ಅದರಲ್ಲಿ ಪುಸ್ತಕದ ದುಡ್ಡು ಕಟ್ಟಬೇಕಾಗುತ್ತೋ ಅನ್ನೋ ಭಯ ಬೇರೆ. ಆ ಮೇಡಂ ನಮಗೆ ಒಂದು ಮಾತೂ ಬಯ್ಯಲಿಲ್ಲ. ಎಲ್ಲ ಬೀರುಗಳಿಗೂ ಬೀಗ ಹಾಕಿದರು, ಅಷ್ಟೇ. ಅಲ್ಲಿವರೆಗೆ ಮಕ್ಕಳು ತಾವೇ ಬಾಗಿಲು ತೆಗೆದು ಪುಸ್ತಕ ತಿರುವಿ ಹಾಕುತ್ತಿದ್ದರು. ಇನ್ನು ಮೇಲೆ ಹೆಸರು ಹೇಳಿದರೆ ತೆಗೆದು ಕೊಡುವ ಪದ್ಧತಿ. ಮೂರನೇ ಕ್ಲಾಸಿನ ಮಗು ಪುಸ್ತಕದ ಹೆಸರು ಹೇಳಿ ಕೇಳುತ್ತಾ? ಅದಕ್ಕೆ ಬೇಕಿರೋದು ಆನೆ ಚಿತ್ರ ಇರೋದು, ಕೆಂಪು ರಟ್ಟಿನದು. ಪರೀಕ್ಷೆಗೆ ಓದುವವರು ಆ ವಾರದಲ್ಲೇ ಯಾರದೋ ಮನೆ ಮಹಡಿಗೆ ಹೋಗಿ ಕೂತಿದ್ದರು, ಅಲ್ಲೇ ಉಳಿದರು. ಬೀಗ ತೆಗೆಸೋಕೆ ವರ್ಷದ ಮೇಲೇ ಹಿಡಿಯಿತು. ಕಳೆದ ಪುಸ್ತಕಗಳಿಗೆ ಬದಲು ನಾವೇ ಕೊಂಡು ತಂದು ಕೊಟ್ಟ ಮೇಲೂ ಮೇಡಂಗೆ ಧೈರ್ಯ ಬಂದಿರಲಿಲ್ಲ. ಅದು ನ್ಯಾಯವೇ.

ಹಾಗಾಗಿ ನನ್ನ ಸಲಹೆ ಸ್ವಲ್ಪ ಒರಟಾಗಿದೆ. ಜನರನ್ನು ಕರೆಸುವ ಯೋಚನೆಯನ್ನೇ ಬಿಡಿ. ಲೈಬ್ರರಿ ದಿನಾ ಮಾಡುವ ಕೆಲಸ ಒಂದು ಗಂಟೆಯೂ ನಿಲ್ಲದ ಹಾಗೆ ಏನು ಮಾಡಬಹುದು ಅಂತ ನೋಡಿ. ಪೇಪರ್ ಮೇಜು ಸರಿಸಬೇಕಾಗಿ ಬಂದರೆ ಆ ಕಾರ್ಯಕ್ರಮ ಬೇಡ. ಬೀರು ಮುಚ್ಚಬೇಕಾಗಿ ಬಂದರಂತೂ ಬೇಡವೇ ಬೇಡ.

ನಮ್ಮಲ್ಲಿ ನಿಜಕ್ಕೂ ನಡೆದ ಮೊದಲ ಕಾರ್ಯಕ್ರಮಕ್ಕೆ ಕಾರ್ಯಕ್ರಮ ಅಂತ ಹೆಸರೇ ಇರಲಿಲ್ಲ. ಪೇಪರ್ ಓದುವ ಹಿರಿಯರಲ್ಲಿ ಒಬ್ಬರು ನಿವೃತ್ತ ಗ್ರಾಮ ಲೆಕ್ಕಿಗರು. ಯಾರೋ ಪಹಣಿ ಹಿಡಿದು ಬಂದು, ಇದರಲ್ಲಿ ನಮ್ಮಪ್ಪನ ಸಾಲ ತೀರಿದೆಯೋ ಇಲ್ಲವೋ ನೋಡಿ ಅಂದರು. ಅವರು ಪೇಪರ್ ಪಕ್ಕಕ್ಕಿಟ್ಟು ಹೇಳಿಕೊಟ್ಟರು. 9ನೇ ಕಾಲಂನಲ್ಲಿ ಹೆಸರು, 10ರಲ್ಲಿ ಆ ಹೆಸರಿಗೆ ಜಮೀನು ಹೇಗೆ ಬಂತು ಅನ್ನೋದು, 11ರಲ್ಲಿ ಸಾಲ, ಋಣ. 3ನೇ ಕಾಲಂನಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕಳೆದು ಉಳಿದದ್ದು ಎಷ್ಟು. ಪಕ್ಕದಲ್ಲಿದ್ದವರು ಕತ್ತು ಚಾಚಿ ಕೇಳಿದರು. ಮುಂದಿನ ವಾರ ನಾಲ್ಕೈದು ಜನ ತಮ್ಮ ತಮ್ಮ ಪಹಣಿ ತಂದರು. ಅಪ್ಪ ತೀರಿಕೊಂಡು ವರ್ಷಗಟ್ಟಲೆ ಆಗಿದ್ದರೂ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸೋದು, ಮಾಡಿಸದೇ ಇದ್ದವರೇ ಜಾಸ್ತಿ. ಅವರಿಗೆ ಯಾವ ಕಾಗದ ಬೇಕು, ಎಲ್ಲಿ ಕೊಡಬೇಕು ಅಂತ ಪರೀಕ್ಷೆಗೆ ಓದುವ ಒಬ್ಬ ಹುಡುಗಿ ಬರೆದು ಗೋಡೆಗೆ ಅಂಟಿಸಿದಳು. ಹೌದು, ಅಷ್ಟೊತ್ತಿಗೆ ಆ ಗುಂಪಿನಲ್ಲಿ ಕೆಲವರು ವಾಪಸ್ ಬಂದಿದ್ದರು. ಭೂಕಂದಾಯ ಅವರ ಸಿಲಬಸ್ಸಿಗೂ ಬರುತ್ತೆ ನೋಡಿ, ಅವರಿಗೂ ಲಾಭ. ಆಮಂತ್ರಣ ಇಲ್ಲ, ಶಾಲು ಇಲ್ಲ. ಆ ಲೆಕ್ಕಿಗರಿಗೆ ಒಂದು ಶಾಲು ಹೊದಿಸೋಣ ಅಂತ ನನ್ನ ಸ್ನೇಹಿತ ಹೊರಟಿದ್ದ, ತಡೆದೆ. ಹೊದಿಸಿದ್ದರೆ ಅವರು 'ಅತಿಥಿ' ಆಗಿಬಿಡುತ್ತಿದ್ದರು, ದಿನಾ ಬರೋದು ನಿಲ್ಲಿಸುತ್ತಿದ್ದರು.

ಹೆಂಗಸರ ವಿಷಯ ನೀವು ಕೇಳಿಲ್ಲ, ಕೇಳಬೇಕಿತ್ತು. ನಮ್ಮಲ್ಲಿ ಮೇಲ್ವಿಚಾರಕರು ಹೆಂಗಸು, ಆದರೂ ಪೇಪರ್ ಹಿಡಿದ ಗಂಡಸರ ಸಾಲು ದಾಟಿ ಒಳಗೆ ಬರೋಕೆ ಹೆಂಗಸರಿಗೆ ಮುಜುಗರ. ಸ್ತ್ರೀಶಕ್ತಿ ಸಂಘದವರು ವಾರದ ಸಭೆಗೆ ಯಾರದೋ ಜಗಲಿ ಹುಡುಕುತ್ತಿದ್ದರು. ಲೈಬ್ರರಿ ಜಗಲಿಯಲ್ಲೇ ಮಾಡಿ ಅಂತ ಮೇಡಂ ಕರೆದರು. ಉಳಿತಾಯದ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಒಂದಿಬ್ಬರು ಒಳಗೆ ಇಣುಕಿ ವಾರಪತ್ರಿಕೆ ಒಯ್ದರು. ಆಮೇಲೆ ಮಗುವಿಗೆ ಅಂತ ಒಂದು ಕಥೆ ಪುಸ್ತಕ. ಇದಕ್ಕೆ ಖರ್ಚು ಏನೂ ಇಲ್ಲ, ಜಗಲಿ ಗುಡಿಸೋದು ಬಿಟ್ಟರೆ.

ಇನ್ನು ಪ್ರಚಾರ. ಫ್ಲೆಕ್ಸ್ 2016ರಿಂದಲೇ ನಮ್ಮ ರಾಜ್ಯದಲ್ಲಿ ನಿಷೇಧ, ಊರೂರಲ್ಲಿ ನೇತಾಡುತ್ತಿದ್ದರೂ. ಲೈಬ್ರರಿ ಹೆಸರಲ್ಲಿ ಕಾನೂನು ಮುರಿಯೋದು ಬೇಡ. ವಾಟ್ಸಾಪ್ ಗುಂಪು ನಾವೂ ಮಾಡಿದ್ದೆವು. ಮೊದಲು ಶುಭೋದಯ, ಆಮೇಲೆ ಹುಟ್ಟುಹಬ್ಬ, ಆಮೇಲೆ ಚುನಾವಣೆ ಬಂತು, ಮುಗೀತು ಕಥೆ. ನಮ್ಮಲ್ಲಿ ಕೆಲಸ ಮಾಡಿದ್ದು ಬಾಗಿಲ ಪಕ್ಕದ ಕರಿಹಲಗೆ. ಶಾಲೆಯವರು ಬಿಸಾಕಿದ್ದದ್ದು, ಕಾಲು ಮುರಿದಿತ್ತು, ಗೋಡೆಗೆ ಹೊಡೆಸಿದೆವು. ಅದರ ಮೇಲೆ ದಿನಾ ಊರಿನ ಸುದ್ದಿ: ರೇಷನ್ ಯಾವತ್ತು ಕೊಡ್ತಾರೆ, ಪಶು ಡಾಕ್ಟರ್ ಯಾವಾಗ ಬರ್ತಾರೆ, ಯಾವ ಫೀಡರಿಗೆ ಕರೆಂಟ್ ಇಲ್ಲ, ಯಾವ ಪರೀಕ್ಷೆಗೆ ಅರ್ಜಿ ಕರೆದಿದ್ದಾರೆ, ಕೊನೇ ದಿನಾಂಕ ಯಾವುದು. ಗ್ರಾಮಸಭೆ ದಿನಾಂಕವನ್ನೂ ಬರೆಯುತ್ತೇವೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಅಂತ ಕಾನೂನಿದೆ. ಆದರೆ ಎಷ್ಟೋ ಕಡೆ ಯಾವಾಗ ನಡೀತು ಅಂತ ಗೊತ್ತಾಗೋದು ಮುಗಿದ ಮೇಲೆ. ಹಲಗೆಯ ಕೊನೇ ಸಾಲು ಲೈಬ್ರರಿಯದು: 'ಶನಿವಾರ ಸಂಜೆ ಮಕ್ಕಳಿಗೆ ಕಥೆ', ಇಷ್ಟೇ. ಮೇಲಿನ ಸಾಲು ಓದೋಕೆ ನಿಂತವರು ಅದನ್ನೂ ಓದುತ್ತಾರೆ. ಒಂದು ಎಚ್ಚರಿಕೆ. ಬರೆಯೋದು ಒಬ್ಬರೇ ಆಗಲಿ, ಅವರ ಕೈಯಲ್ಲಿ ತಪ್ಪು ಸುದ್ದಿ ಬರಬಾರದು. ಒಂದು ಸಲ ನಮ್ಮ ಹಲಗೆ ನಂಬಿ ಜನ ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತು ಬರಿಗೈಲಿ ವಾಪಸ್ ಹೋದರು. ಅವತ್ತು ಹಲಗೆಗೆ ಬಿದ್ದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಪಂಚಾಯಿತಿಯವರನ್ನು ಹೇಗೆ ಒಪ್ಪಿಸೋದು ಅಂತಲೂ ಕೇಳಿದ್ದೀರಿ. ಕೈಮುಗಿದು ಬೇಡಿಕೊಳ್ಳೋ ಅಗತ್ಯ ಇಲ್ಲ. ನಿಮ್ಮ ಮನೆ ತೆರಿಗೆ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ತೆರಿಗೆಯ ಶೇ. 6ರಷ್ಟು. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಊರಿನವರು ಲೈಬ್ರರಿಗೆ ಅಂತಲೇ ದುಡ್ಡು ಕಟ್ಟುತ್ತಿದ್ದಾರೆ, ಹಾಗಾದರೆ ಖರ್ಚಿನ ವಿಷಯ ಗ್ರಾಮಸಭೆಯಲ್ಲಿ ಕೇಳೋದು ತಪ್ಪಲ್ಲ. ಜಗಳದ ಧಾಟಿ ಬೇಡ. ರಸೀದಿ ತೋರಿಸಿ ಕೇಳಿ ಸಾಕು. ಆದರೆ ಮೇಲ್ವಿಚಾರಕರಿಗೆ ಮೊದಲೇ ತಿಳಿಸಿ ಹೋಗಿ, ಇಲ್ಲದಿದ್ದರೆ ನೀವು ಅವರ ಮೇಲೆ ದೂರು ಕೊಟ್ಟ ಹಾಗೆ ಕಾಣುತ್ತೆ.

ಆ ಹತ್ತು ಸಾವಿರ ಏನು ಮಾಡಲಿ ಅಂದರೆ, ನಿಮ್ಮ ಕೋಣೆಯಲ್ಲಿ ಸಂಜೆ ಕರೆಂಟ್ ಹೋದರೆ ಏನಾಗುತ್ತೆ ಅಂತ ಒಂದು ದಿನ ಕೂತು ನೋಡಿ. ನಮ್ಮಲ್ಲಿ ಎಲ್ಲರೂ ಮೊಬೈಲ್ ಟಾರ್ಚ್ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಮೊದಲು ಎರಡು ಚಾರ್ಜಿಂಗ್ ಬಲ್ಬ್ ಹಾಕಿದೆವು, ಆಮೇಲೆ ಒಬ್ಬರು ಹಳೇ ಯುಪಿಎಸ್ ಕೊಟ್ಟರು, ಬ್ಯಾಟರಿ ಮಾತ್ರ ಹೊಸದು ತಂದೆವು. ನಿಮ್ಮ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಸೆಟ್ ಬರಬಹುದು, ವಿಚಾರಿಸಿ. ಬ್ಯಾಟರಿಗೆ ನೀರು ಹಾಕೋದು ಯಾರ ಕೆಲಸ ಅನ್ನೋದನ್ನ ತರೋಕೆ ಮೊದಲೇ ತೀರ್ಮಾನ ಮಾಡಿಕೊಳ್ಳಿ, ನಮ್ಮದು ಆ ವಿಷಯಕ್ಕೇ ಒಂದು ಸಲ ಕೆಟ್ಟಿತು.