ಕಿಟ್ ಕಳಿಸುವ ಮೊದಲು ನಮ್ಮ ಮಣ್ಣೆತ್ತು ನೋಡಿ

ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ಅಂಗನವಾಡಿಗಳಿಗೆ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಕಿಟ್ ಕೊಡಿಸಬೇಕು, ಯಾವುದು ಕೊಡಿಸಲಿ ಅಂತ ಬೆಂಗಳೂರಿನಿಂದ ಕೇಳಿದ್ದೀರಿ. ನಾನು ಇಲ್ಲಿನ ಶಾಲೆಯಲ್ಲಿ ಒಂದನೇ, ಎರಡನೇ ಇಯತ್ತೆಗೆ ಕಲಿಸಿ ನಿವೃತ್ತಿಯಾದವಳು. ಈಗ ವಾರಕ್ಕೆ ಎರಡು ದಿನ ನಮ್ಮ ಓಣಿಯ ಅಂಗನವಾಡಿಗೆ ಹೋಗಿ ಕೂರುತ್ತೇನೆ. ಕಿಟ್ ಮಾತು ಆಮೇಲೆ. ಮೊದಲು ಅಕ್ಕೋರ, ಅಂದರೆ ಅಂಗನವಾಡಿ ಕಾರ್ಯಕರ್ತೆಯ, ಮಾತು ಕೇಳಿ.

ಹಿಂದೊಮ್ಮೆ ಯಾರೋ ಪುಣ್ಯಾತ್ಮರು ಒಂದು ಪೆಟ್ಟಿಗೆ ಕೊಟ್ಟಿದ್ದರು. ಬಣ್ಣದ ಗಾಲಿ, ಭೂತಗನ್ನಡಿ, ಇನ್ನೂ ಏನೇನೋ. ಅದು ನೇರ ಅಲ್ಮಾರಿ ಸೇರಿತು, ಕೀಲಿ ಬಿತ್ತು. "ಹುಡುಗರು ಒಡದ್ರ ಸ್ಟಾಕ್ ರಿಜಿಸ್ಟರಿನ್ಯಾಗ ಏನಂತ ಬರೀಲ್ರೀ?" ಅಂದರು ಅಕ್ಕೋರು. ಅವರದ್ದು ತಪ್ಪು ಅನ್ನೋಕೆ ಆಗಲ್ಲ. ಮಕ್ಕಳ ತೂಕ, ಎತ್ತರ, ಊಟ, ಗರ್ಭಿಣಿಯರ ಲೆಕ್ಕ, ಮೊಬೈಲ್‌ನಲ್ಲಿ ಇದನ್ನೆಲ್ಲ ತುಂಬುವ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್, ಎಲ್ಲಾ ಅವರ ತಲೆ ಮೇಲೇ. ಮೂರರಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಇದರ ಮೇಲೆ ಸ್ಟೆಮ್ ಅಂದರೆ? "ನಾ ಹತ್ತನೇ ಓದಿದಾಕಿ, ವಿಜ್ಞಾನ ಹೆಂಗ ಕಲಿಸ್ಲಿ?" ಅಂತ ಅವರು ಅಂದಾಗ ನನಗೆ ನಗು ಬಂತು. ಯಾಕಂದರೆ ಅದೇ ವಾರ ಅವರ ಅಂಗಳದಲ್ಲಿ ಎಂಜಿನಿಯರಿಂಗ್ ನಡೆದಿತ್ತು.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ನಮ್ಮದು ಎರೆಭೂಮಿ, ಕಪ್ಪು ಮಣ್ಣು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲ ನೋಡಿದರೆ ಗೊತ್ತಾಗುತ್ತೆ. ಐದು ವರ್ಷದ ಒಬ್ಬ ಹುಡುಗ ಉದ್ದ ಕಾಲಿನ ಎತ್ತು ಮಾಡಿದ. ಚೆಂದ ಕಾಣಲಿ ಅಂತ ಕಾಲು ತೆಳ್ಳಗೆ ತೀಡಿದ. ನಿಲ್ಲಿಸಿದ, ಮುಗ್ಗರಿಸಿತು. ಅಕ್ಕೋರು ಪಾಪ, ಕೈ ಚಾಚಿ ಸರಿ ಮಾಡೋಕೆ ಹೋದರು. ನಾನು ಸುಮ್ನೆ ಅವರ ಸೆರಗು ಜಗ್ಗಿದೆ. ಹತ್ತು ಎಣಿಸುವಷ್ಟು ಹೊತ್ತು ಇಬ್ಬರೂ ಬಾಯಿ ಮುಚ್ಚಿ ಕೂತೆವು. ಆಮೇಲೆ ಅವರು ಒಂದೇ ಮಾತು ಕೇಳಿದರು: "ಯಾಕ ಬಿತ್ತಪ್ಪ?"

ಹುಡುಗ ಪಕ್ಕದವಳ ಎತ್ತು ನೋಡಿದ. ಅದರ ಕಾಲು ಗಿಡ್ಡ, ದಪ್ಪ. ತನ್ನ ಎತ್ತಿನ ಕಾಲು ಅರ್ಧ ಕಿತ್ತು ಒತ್ತಿದ. ನಿಂತಿತು! ಮರುದಿನ ಬೆನ್ನ ಮೇಲೆ ಬಿರುಕು. ಆಗ ಸಹಾಯಕಿ ತಮ್ಮ ಅವ್ವ ಒಲೆಗೆ ಮಣ್ಣು ಕಲಸುವಾಗ ಹೊಟ್ಟು ಹಾಕುತ್ತಿದ್ದದ್ದು ನೆನಪಿಸಿದರು. ಹೊಟ್ಟು ಹಾಕಿ ಒಂದು, ಹಾಕದೆ ಒಂದು, ಎರಡೂ ಮಾಡಿ ನೆರಳಿಗೆ ಇಟ್ಟರು. ಯಾವುದು ಕಮ್ಮಿ ಬಿರಿಯಿತು ಅಂತ ನಾಲ್ಕು ದಿನ ಮಕ್ಕಳೇ ಕಾದು ನೋಡಿದರು. ಇದನ್ನ ಪ್ರಯೋಗ ಅಂತ ಕರೆಯದೆ ಇನ್ನೇನು ಅಂತ ಕರೀಬೇಕು, ನೀವೇ ಹೇಳಿ.

ಗಡಿಯ ಸಂಗತಿ ಒಂದಿದೆ. ನಮ್ಮ ಊರಿಂದ ಸಂತೆಗೆ ಜನ ಮಹಾರಾಷ್ಟ್ರದ ಉಮರ್ಗಾಕ್ಕೂ ಹೋಗುತ್ತಾರೆ. ಹೆಣ್ಣು ಕೊಟ್ಟು ತಂದು ಮಾಡೋದೂ ಆಚೆಗೇ. ಮಕ್ಕಳ ಬಾಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಕೂಡಿರುತ್ತವೆ. ಒಂದು ದಿನ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ ಆಲೂಗಡ್ಡೆ, ಕಲ್ಲಂಗಡಿ, ಜೋಳದ ದಂಟು ಇಟ್ಟೆವು. ಯಾವುದು ಮುಳುಗುತ್ತೆ ಅಂದರೆ ಎಲ್ಲರೂ ಕಲ್ಲಂಗಡಿ ಕಡೆ ಬೆರಳು ಮಾಡಿದರು. ದೊಡ್ಡದು ಅಲ್ವಾ! ಆಲೂಗಡ್ಡೆ ತಳ ಸೇರಿತು. ಒಬ್ಬಳು "ಬುಡಾಲಾ" ಅಂದಳು, ಇನ್ನೊಬ್ಬ "ಡೂಬ್ ಗಯಾ", ಮತ್ತೊಬ್ಬಳು "ಮುಳಗ್ತು". ಕಲ್ಲಂಗಡಿ ತೇಲಿದಾಗ ಮಾತ್ರ ಎಲ್ಲರೂ ಒಂದೇ ಭಾಷೆಯಲ್ಲಿ ಕಿರುಚಿದರು. ಅಕ್ಕೋರು ಯಾರನ್ನೂ ತಿದ್ದಲಿಲ್ಲ. ಮೂರೂ ಮಾತು ತಾವೂ ಹೇಳಿದರು, ಕನ್ನಡದ್ದನ್ನ ಎರಡು ಸಲ ಹೇಳಿದರು. ಮನೆ ಮಾತಿನಲ್ಲಿ ಊಹಿಸೋಕೆ ಬಿಟ್ಟರೆ ಮಗು ಮುಂದಿನದ್ದನ್ನೂ ಊಹಿಸುತ್ತದೆ. ಮೊದಲು ಕನ್ನಡ ಶಬ್ದ ಹೇಳು ಅಂದರೆ ಬಾಯಿಗೆ ಬೀಗ. (ಹುಣಸೆ ಬೀಜ, ತೊಗರಿ ಕಾಳು ಮಾತ್ರ ಸಣ್ಣವರ ಕೈಗೆ ಕೊಡಬೇಡಿ. ಮೂಗಿಗೆ ತುರುಕಿಕೊಳ್ಳುತ್ತಾರೆ, ನಾನು ನೋಡಿದ್ದೇನೆ.)

ಹಾಗಾಗಿ ಅಕ್ಕೋರಿಗೆ ಬೇಕಿರುವುದು ಜೊತೆಗೆ ಕೂರುವ ಒಬ್ಬರು. ದೊಡ್ಡ ಹಾಲ್‌ನಲ್ಲಿ ಪರದೆ ಮೇಲೆ ತೋರಿಸಿ ಮುಗಿಸುವ ತರಬೇತಿಯಿಂದ ಬಂದವರು ಚಹಾ ಹೆಂಗಿತ್ತು ಅಂತ ಹೇಳುತ್ತಾರೆ, ಆಟದ್ದು ಹೇಳಲ್ಲ. ಸುತ್ತಲಿನ ಅಕ್ಕೋರೆಲ್ಲ ಸೇರುವ ಸರ್ಕಲ್ ಮೀಟಿಂಗ್‌ನಲ್ಲಿ ರಿಜಿಸ್ಟರ್ ಮಾತಿಗೆ ಮೊದಲು ಅರ್ಧ ತಾಸು ಕೊಡಿಸಿ. ಅಕ್ಕೋರೇ ಟಬ್ಬಿಗೆ ಕೈ ಹಾಕಲಿ, ತಾವೇ ತಪ್ಪು ಊಹಿಸಲಿ. "ಈ ವಾರ ಮಕ್ಕಳು ಏನು ಕೇಳಿದರು?" ಅಂತ ಒಬ್ಬರನ್ನೊಬ್ಬರು ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೆ "ನಂಗೂ ಗೊತ್ತಿಲ್ಲ, ಮಾಡಿ ನೋಡೋಣು" ಅನ್ನೋ ಧೈರ್ಯ ಅಲ್ಲಿಂದಲೇ ಬರುತ್ತೆ.

ಆದರೂ ಏನಾದರೂ ಕಳಿಸಲೇಬೇಕು ಅಂದರೆ ಎರಡು ಟಬ್, ಒಂದು ತಕ್ಕಡಿ, ನಾಲ್ಕು ಭೂತಗನ್ನಡಿ, ಎರಡು ಜರಡಿ ಕಳಿಸಿ, ಸಾಕು. ಜೊತೆಗೆ ಸೂಪರ್‌ವೈಸರ್ ಮೇಡಂ ಹತ್ತಿರ ಒಂದು ಚೀಟಿ ಬರೆಸಿ ಕೊಡಿಸಿ: ಇವು ಆಡೋಕೆ ಬಂದಿವೆ, ಒಡೆದರೆ ಲೆಕ್ಕ ಕೇಳುವುದಿಲ್ಲ ಅಂತ. ಆ ಚೀಟಿಯನ್ನ ನಾನೇ ಅಲ್ಮಾರಿ ಬಾಗಿಲಿಗೆ ಅಂಟಿಸ್ತೀನಿ.